ಉರಿಯಿಂದ ತಂಪಾಗುವ ಪೆಟ್ಟಿಗೆ: ಮೋಟಾರ್‌ಹೋಮ್ ಫ್ರಿಜ್ ಬಗ್ಗೆ ಓದುಗರ ಪ್ರಶ್ನೆಗಳು

ರಜೆಯ ಕಾಲ ಹತ್ತಿರವಾದಂತೆ ಹೊರದೇಶಗಳ ಕನ್ನಡಿಗರಿಂದ ಬರುವ ಪತ್ರಗಳಲ್ಲಿ ಮೋಟಾರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ವಾಹನ) ಫ್ರಿಜ್‌ನ ದೂರುಗಳೇ ಹೆಚ್ಚು. ಗ್ಯಾಸ್, ಕರೆಂಟು ಎರಡರಲ್ಲೂ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್‌ಗೆ ಸಂಬಂಧಿಸಿದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮೋಟಾರ್‌ಹೋಮ್ ಕೊಂಡಿದ್ದೇವೆ. ಫ್ರಿಜ್ ಗ್ಯಾಸಿನಲ್ಲಿ ಚೆನ್ನಾಗಿ ತಂಪಾಗುತ್ತದೆ. ಕ್ಯಾಂಪಿನಲ್ಲಿ ಕರೆಂಟಿಗೆ ಹಾಕಿದರೆ ಇಡೀ ರಾತ್ರಿ ಬಿಟ್ಟರೂ ಬೆಚ್ಚಗೇ ಇರುತ್ತದೆ. ನೋಡಿದ ಮೆಕ್ಯಾನಿಕ್ ‘ಫ್ರಿಜ್ಜೇ ಬದಲಾಯಿಸಿ’ ಅನ್ನುತ್ತಾರೆ. ನಿಜವೇ?
— ಓದುಗರು, ಡಲ್ಲಾಸ್

ಉತ್ತರ: ಬದಲಾಯಿಸಬೇಡಿ. ಗ್ಯಾಸಿನಲ್ಲಿ ತಂಪಾಗುತ್ತಿದೆ ಎಂದಮೇಲೆ ಫ್ರಿಜ್‌ನ ಜೀವಾಳವಾದ ಕೂಲಿಂಗ್ ಯೂನಿಟ್ ಸರಿಯಾಗಿದೆ. ಇದರಲ್ಲಿ ಕಂಪ್ರೆಸರ್ ಇಲ್ಲ. ಸ್ವೀಡನ್ನಿನ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ವಿದ್ಯಾರ್ಥಿಗಳಾಗಿದ್ದಾಗ, 1922ರಲ್ಲಿ ರೂಪಿಸಿದ ವಿಧಾನವೇ ಇಂದಿಗೂ ನಡೆದಿದೆ. ಮುಚ್ಚಿದ ಕೊಳವೆಗಳೊಳಗೆ ನೀರು, ಅಮೋನಿಯಾ, ಹೈಡ್ರೋಜನ್ ಇರುತ್ತವೆ. ಕೆಳಗಿನ ಬಾಯ್ಲರ್ ಕಾದಾಗ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಹಿಂಬದಿಯ ಲೋಹದ ರೆಕ್ಕೆಗಳಲ್ಲಿ ತಣಿದು ದ್ರವವಾಗುತ್ತದೆ, ಮುಂದೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಬಾಯ್ಲರಿಗೆ ಬೇಕಾದದ್ದು ಕಾವು. ಅದು ಜ್ವಾಲೆಯಿಂದ ಬಂತೋ ಹೀಟರಿನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದರಲ್ಲಿ ತಂಪಾಗಿ ಇನ್ನೊಂದರಲ್ಲಿ ಆಗದಿದ್ದರೆ ದೋಷ ಆ ಇನ್ನೊಂದು ಕಾವಿನ ದಾರಿಯಲ್ಲಿದೆ. ಎರಡರಲ್ಲೂ ಆಗದಿದ್ದಾಗ ಮಾತ್ರ ಬೇರೆ ಕಡೆ ಹುಡುಕಬೇಕು.

ವಾಹನದ ಹೊರಗಿನಿಂದ ಕೆಳಗಿನ ಜಾಲರಿ ಬಾಗಿಲು ತೆಗೆಯಿರಿ. ಫ್ರಿಜ್‌ನ ಪ್ಲಗ್ ಅಲ್ಲೇ ಒಂದು ಸಾಕೆಟ್ಟಿನಲ್ಲಿರುತ್ತದೆ. ಆ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಉರಿಯದಿದ್ದರೆ ಬ್ರೇಕರ್ ಬಿದ್ದಿರಬೇಕು. ಅನೇಕ ವಾಹನಗಳಲ್ಲಿ ಬಚ್ಚಲುಮನೆಯ ಸುರಕ್ಷಾ ಸಾಕೆಟ್ಟು ಟ್ರಿಪ್ ಆದರೆ ಇದೂ ಸಾಯುತ್ತದೆ. ಲ್ಯಾಂಪ್ ಉರಿದರೆ ಪ್ಲಗ್ ಕಿತ್ತಿಟ್ಟು ಕಂಟ್ರೋಲ್ ಬೋರ್ಡಿನ ಮುಚ್ಚಳ ಬಿಚ್ಚಿ. ಅಲ್ಲಿ ಸಾಮಾನ್ಯವಾಗಿ ಎರಡು ಫ್ಯೂಸ್: 120 ವೋಲ್ಟಿನ ಗಾಜಿನ ಫ್ಯೂಸ್ ಒಂದು, 12 ವೋಲ್ಟಿನದು ಇನ್ನೊಂದು. ಕಣ್ಣಿಗೆ ಸರಿ ಕಂಡರೂ ನಂಬಬೇಡಿ, ಮೀಟರ್ ಇಟ್ಟು ನೋಡಿ.

ಮುಂದೆ ಹೀಟಿಂಗ್ ಎಲಿಮೆಂಟ್. ಬೋರ್ಡಿನಿಂದ ಅದರ ಎರಡು ತಂತಿ ಬಿಡಿಸಿ ಓಮ್ ಅಳೆಯಿರಿ. ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ವ್ಯಾಟಿನಿಂದ ಭಾಗಿಸಿ. 120 ವೋಲ್ಟ್, 325 ವ್ಯಾಟಿನ ಎಲಿಮೆಂಟ್ ಸುಮಾರು 44 ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಒಂದು ತುದಿಗೂ ಎಲಿಮೆಂಟಿನ ಲೋಹದ ಹೊರಕವಚಕ್ಕೂ ನಡುವೆ ಓಮ್ ಬಂದರೆ ಅದು ಶಾರ್ಟ್. ಬ್ರೇಕರ್ ಬೀಳುತ್ತಿರುವುದೂ ಅದಕ್ಕೇ. ಎಲಿಮೆಂಟ್ ಕೆಟ್ಟಿದ್ದರೆ ಬಾಯ್ಲರ್ ಪಕ್ಕದ ಕೊಳವೆಯಿಂದ ಮೇಲಕ್ಕೆ ಎಳೆದು ತೆಗೆದು, ಅದೇ ವ್ಯಾಟಿನ ಹೊಸದನ್ನು ಅದೇ ಆಳಕ್ಕೆ ಇಳಿಸಬೇಕು. ‘ಬೇಗ ತಂಪಾಗಲಿ’ ಎಂದು ಹೆಚ್ಚು ವ್ಯಾಟಿನದು ಹಾಕಿದರೆ ಬಾಯ್ಲರ್ ಸುಟ್ಟು, ನಿಮ್ಮ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ. ಎಲಿಮೆಂಟ್, ಫ್ಯೂಸ್ ಎರಡೂ ಸರಿ ಇದ್ದು ತಂತಿಗೆ 120 ವೋಲ್ಟ್ ಬರುತ್ತಿಲ್ಲವಾದರೆ ಬೋರ್ಡ್ ಹೋಗಿದೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಕ್ಯಾಂಪ್ ತುಂಬಿ ಎಲ್ಲರ ಏಸಿಯೂ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 105 ವೋಲ್ಟಿಗೆ ಇಳಿದರೆ 325 ವ್ಯಾಟಿನ ಎಲಿಮೆಂಟ್ ಕೊಡುವುದು 250 ವ್ಯಾಟ್ ಮಾತ್ರ. ಅಂಥ ಕಡೆ ಗ್ಯಾಸೇ ವಾಸಿ.

ಪ್ರಶ್ನೆ: ಸ್ಕಾಟ್ಲೆಂಡಿಗೆ ಹೋದಾಗಲೆಲ್ಲ ಫ್ರಿಜ್‌ನ ಗ್ಯಾಸ್ ‘ಟಿಕ್ ಟಿಕ್’ ಎಂದು ಹತ್ತಿಕೊಂಡು ಅರ್ಧ ನಿಮಿಷದಲ್ಲಿ ಆರಿಹೋಗುತ್ತದೆ. ನೀಲಿ ಸಿಲಿಂಡರಿನಲ್ಲಿ ಗ್ಯಾಸ್ ಇನ್ನೂ ಇದೆ. ಕರೆಂಟಿನಲ್ಲಿ ಸರಿಯಾಗಿದೆ.
— ಓದುಗರು, ಲೀಡ್ಸ್

ಉತ್ತರ: ನೀಲಿ ಸಿಲಿಂಡರ್ ಎಂದರೆ ಬ್ಯೂಟೇನ್. ಅದು ಕುದಿಯುವುದು ಸುಮಾರು ಸೊನ್ನೆ ಡಿಗ್ರಿಯಲ್ಲಿ. ಹೊರಗೆ 4-5 ಡಿಗ್ರಿ ಚಳಿ ಇದ್ದರೆ ಸಿಲಿಂಡರ್ ಅಲ್ಲಾಡಿಸಿದಾಗ ದ್ರವದ ಸದ್ದು ಕೇಳುತ್ತದೆ, ಆದರೆ ಬೇಕಾದಷ್ಟು ಆವಿ ಏಳುವುದಿಲ್ಲ. ಕೆಂಪು ಸಿಲಿಂಡರಿನ ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ನಿಮ್ಮ ವಾಹನದಲ್ಲಿ ಗೋಡೆಗೆ ಕೂರಿಸಿದ 30 ಮಿಲಿಬಾರ್ ರೆಗ್ಯುಲೇಟರ್ ಇದ್ದರೆ ಸಿಲಿಂಡರಿನಿಂದ ಬರುವ ಪೈಪನ್ನು ಪ್ರೊಪೇನ್ ಕನೆಕ್ಷನ್ನಿನದಕ್ಕೆ ಬದಲಿಸಿದರೆ ಸಾಕು. ಮೊದಲು ಇದನ್ನು ಮಾಡಿ ನೋಡಿ.

ಪ್ರೊಪೇನಿಗೂ ಇದೇ ಹಾಡಾದರೆ ಹೀಗೆ. ಅಡುಗೆ ಒಲೆ ಹಚ್ಚಿ. ಸಿಲಿಂಡರ್ ಬದಲಿಸಿದ ಮೇಲೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಒಲೆ ಒಂದೆರಡು ನಿಮಿಷ ಉರಿದರೆ ಅದರ ಬಹುಪಾಲು ಹೊರಹೋಗುತ್ತದೆ. ಒಲೆಯ ಉರಿಯೇ ಬಡಕಲಾಗಿದ್ದರೆ ರೆಗ್ಯುಲೇಟರ್ ಪರೀಕ್ಷಿಸಬೇಕು. ಒಲೆ ಚೆನ್ನಾಗಿದ್ದರೆ ಫ್ರಿಜ್‌ನ ಬರ್ನರ್ ಕಡೆ ಹೋಗಿ.

ಮಾಮೂಲಿ ಜ್ವಾಲೆ ನೀಲಿಯಾಗಿ, ಅಲುಗಾಡದೆ, ಸಣ್ಣಗೆ ಭುಸುಗುಟ್ಟುತ್ತಾ ಚಿಮಣಿಯೊಳಕ್ಕೆ ನೇರ ನಿಂತಿರುತ್ತದೆ. ಹಳದಿ ತುದಿ ಕಂಡರೆ ಗಾಳಿ ಸಾಲುತ್ತಿಲ್ಲ, ಮಸಿ ಕಟ್ಟುತ್ತಿದೆ. ಹತ್ತಿ, ತೊನೆದಾಡಿ, ಆರಿದರೆ ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಬಿಲ್ಲೆ) ಕಟ್ಟಿದೆ ಅಥವಾ ಬರ್ನರ್ ಕೊಳವೆಯಲ್ಲಿ ಜೇಡ ಬಲೆ ಹೆಣೆದಿದೆ. ಚಳಿಗಾಲವೆಲ್ಲ ನಿಲ್ಲಿಸಿಟ್ಟ ವಾಹನಗಳಲ್ಲಿ ಜೇಡನ ಕೆಲಸ ತೀರ ಸಾಮಾನ್ಯ. ಜ್ವಾಲೆ ಗಟ್ಟಿಯಾಗಿದ್ದೂ ಆರಿದರೆ ಬರ್ನರಿನ ತಪ್ಪಲ್ಲ. ‘ಉರಿ ಇದೆ’ ಎಂದು ತಿಳಿಸುವ ಅಂಗ ಸುಳ್ಳು ಹೇಳುತ್ತಿದೆ: ಗುಂಡಿ ಒತ್ತಿಹಿಡಿಯುವ ಮಾದರಿಯಲ್ಲಿ ಅದು ಥರ್ಮೋಕಪಲ್, ತಾನೇ ಹತ್ತುವ ಮಾದರಿಯಲ್ಲಿ ಕಿಡಿ ಹಾರಿಸುವ ಎಲೆಕ್ಟ್ರೋಡ್. ಎಲೆಕ್ಟ್ರೋಡಿನ ಮಸಿಯನ್ನು ನಯವಾದ ಉಜ್ಜುಕಾಗದದಿಂದ ತೆಗೆಯಿರಿ. ತುದಿಗೂ ಬರ್ನರಿಗೂ 3ರಿಂದ 5 ಮಿಲಿಮೀಟರ್ ಅಂತರವಿರಲಿ. ಬರ್ನರಿನ ಅರ್ತ್ ತಂತಿಯ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಥರ್ಮೋಕಪಲ್ ತುದಿ ಜ್ವಾಲೆಯೊಳಗೇ ಇರಬೇಕು, ಪಕ್ಕದಲ್ಲಲ್ಲ.

ಸ್ವಚ್ಛ ಮಾಡುವ ಕ್ರಮ: ಸಿಲಿಂಡರ್ ಮುಚ್ಚಿ, ಬರ್ನರ್ ತಣ್ಣಗಾಗುವವರೆಗೆ ಕಾಯಿರಿ. ಚಿಮಣಿಯ ಮೇಲಿನಿಂದ ತಂತಿಗೆ ತೂಗಿಬಿಟ್ಟಿರುವ ಸುರುಳಿ ತಗಡನ್ನು ಹೊರತೆಗೆದು, ಉದ್ದ ಬ್ರಷ್ಷಿನಿಂದ ಚಿಮಣಿ ಉಜ್ಜಿ. ಕೆಳಗೆ ಬರ್ನರ್ ಮೇಲೆ ಬಟ್ಟೆ ಹಾಸಲು ಮರೆತರೆ ಮಸಿಯೆಲ್ಲ ಅದರೊಳಗೇ ಬೀಳುತ್ತದೆ. ಜೆಟ್ಟನ್ನು ಆಲ್ಕೋಹಾಲಿನಲ್ಲಿ ನೆನೆಸಿ ಗಾಳಿಗೆ ಒಣಗಿಸಿ. ಪಿನ್ನು, ಸೂಜಿ ಚುಚ್ಚಲೇಬೇಡಿ. ತೂತು ಕೂದಲೆಳೆಯಷ್ಟು ಅಗಲವಾದರೂ ಜ್ವಾಲೆ ಕೆಡುತ್ತದೆ. ಗ್ಯಾಸ್ ಜೋಡಣೆ ಬಿಚ್ಚಬೇಕಾದ ಕೆಲಸವನ್ನು ಬ್ರಿಟನ್ನಿನಲ್ಲಿ ಪರವಾನಗಿಯಿರುವ ಗ್ಯಾಸ್ ಎಂಜಿನಿಯರಿಗೇ ಬಿಡಿ. ಕೆಲಸ ಮುಗಿದ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಗ್ಯಾಸ್, ಕರೆಂಟು ಎರಡರಲ್ಲೂ ತಂಪಾಗುತ್ತದೆ, ಆದರೆ ಸಾಲದು. ಮಧ್ಯಾಹ್ನ ಒಳಗೆ 11-12 ಡಿಗ್ರಿ. ಎರಡನೆಯ ದಿನಕ್ಕೇ ದೋಸೆ ಹಿಟ್ಟು ಡಬ್ಬಿಯಿಂದ ಉಕ್ಕಿ ಹೊರಬರುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟಿದ್ದೇವೆ.
— ಓದುಗರು, ಫೀನಿಕ್ಸ್

ಉತ್ತರ: ಹಿಟ್ಟು ಥರ್ಮಾಮೀಟರಿಗಿಂತ ಪ್ರಾಮಾಣಿಕ. ಒಳಗೆ 4 ಡಿಗ್ರಿ ಇದ್ದರೆ ಅದು ಉಕ್ಕುವುದಿಲ್ಲ, ಹಾಲೂ ಉಳಿಯುತ್ತದೆ.

ಎರಡರಲ್ಲೂ ಅರೆಬರೆ ತಂಪು ಎಂದರೆ ಮೊದಲ ಅನುಮಾನ ಹಿಂಬದಿಯ ಗಾಳಿಯ ಮೇಲೆ. ಕೆಳಗಿನ ಜಾಲರಿಯಿಂದ ಗಾಳಿ ಬಂದು, ರೆಕ್ಕೆಗಳನ್ನು ಸವರಿ, ಮೇಲಿನ ಕಿಂಡಿಯಿಂದ ಹೋಗಬೇಕು. ಫ್ರಿಜ್‌ನ ಬೆನ್ನಿಗೂ ವಾಹನದ ಗೋಡೆಗೂ 25 ಮಿಲಿಮೀಟರಿಗಿಂತ ಹೆಚ್ಚು ಜಾಗ ಬಿಟ್ಟಿದ್ದರೆ ಗಾಳಿ ರೆಕ್ಕೆಗಳನ್ನು ಮುಟ್ಟದೆ ಗೋಡೆ ಹಿಡಿದು ಮೇಲೆ ಹೋಗುತ್ತದೆ. ಮೇಲಿನ ರೆಕ್ಕೆಗಳ ಮಟ್ಟದಲ್ಲಿ ಗೋಡೆಗೆ ಓರೆಯಾಗಿ ಒಂದು ಅಲ್ಯೂಮಿನಿಯಂ ತಗಡು ಕೂರಿಸಿ ಗಾಳಿಯನ್ನು ರೆಕ್ಕೆಗಳತ್ತ ತಿರುಗಿಸಿ. ಮೇಲಿನ ಕಿಂಡಿಯ ಕೆಳಗೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನ್ ಒಂದೆರಡನ್ನು ಹೊರಮುಖವಾಗಿ ಹಾಕಿದರೆ ಅರಿಜೋನಾದ ಬಿಸಿಲಿಗೆ ಕಣ್ಣಿಗೆ ಕಾಣುವಷ್ಟು ಗುಣವಾಗುತ್ತದೆ. ಫ್ಯಾನಿನ ಗಾಳಿ ಬರ್ನರಿಗೆ ಬಡಿಯಬಾರದು. ಫ್ರಿಜ್ ಇರುವ ಬದಿ ಮಧ್ಯಾಹ್ನ ನೆರಳಿನಲ್ಲಿರುವಂತೆ ವಾಹನ ನಿಲ್ಲಿಸಿ.

ಮಟ್ಟ ಎರಡನೆಯದು. ಈ ಕೊಳವೆಗಳಲ್ಲಿ ದ್ರವ ಇಳಿಯುವುದು ತನ್ನ ಭಾರದಿಂದಲೇ. ಅದನ್ನು ತಳ್ಳುವ ಪಂಪು ಇಲ್ಲ. ಅಮೆರಿಕದ ಹೆಚ್ಚಿನ ಮಾದರಿಗಳಿಗೆ ಪಕ್ಕದಿಂದ ಪಕ್ಕಕ್ಕೆ 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿ ಓರೆ ತಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ದ್ರವ ಕೆಳಗೆ ಬರದೆ ಬಾಯ್ಲರ್ ಒಣಗಿ ಕಾಯುತ್ತದೆ. ಓಡುವಾಗ ಕುಲುಕಾಟವೇ ದ್ರವವನ್ನು ಇಳಿಸುತ್ತದೆ. ನಿಂತಾಗ ಮಾತ್ರ ಎಚ್ಚರ ಬೇಕು. ಸ್ಪಿರಿಟ್ ಲೆವೆಲನ್ನು ವಾಹನದ ನೆಲದ ಮೇಲಲ್ಲ, ಫ್ರೀಜರಿನ ತಳದ ಮೇಲಿಟ್ಟು ನೋಡಿ.

ಮೂರನೆಯದು ಒಳಗಿನ ರೆಕ್ಕೆಗೆ ಸಿಕ್ಕಿಸಿರುವ ಥರ್ಮಿಸ್ಟರ್, ಎಂದರೆ ಒಳಗಿನ ತಂಪನ್ನು ಬೋರ್ಡಿಗೆ ತಿಳಿಸುವ ಅಂಗ. ಬಿಡಿಸಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಹತ್ತು ನಿಮಿಷ ಮುಳುಗಿಸಿ ಅಳೆಯಿರಿ; ಡೊಮೆಟಿಕ್ ಕಂಪನಿಯ ಮಾದರಿಗಳಲ್ಲಿ 7,000ದಿಂದ 10,000 ಓಮ್ ಬರಬೇಕು. ಬಾಗಿಲಿನ ರಬ್ಬರಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಎಳೆದು ನೋಡಿ. ಬಿಗಿತವಿಲ್ಲದೆ ಜಾರಿ ಬಂದ ಕಡೆ ಬಿಸಿಗಾಳಿ ನುಗ್ಗುತ್ತಿದೆ. ಹಿಂದಿನ ರಾತ್ರಿಯೇ ಖಾಲಿ ಫ್ರಿಜ್ ಚಾಲೂ ಮಾಡಿ, ಮನೆಯ ಫ್ರಿಜ್‌ನಲ್ಲಿ ತಣಿದ ಪದಾರ್ಥಗಳನ್ನೇ ಬೆಳಿಗ್ಗೆ ತುಂಬಿ. ಬಿಸಿ ಸಾಂಬಾರಿನ ಪಾತ್ರೆ ಒಳಗಿಟ್ಟರೆ ಆ ದಿನ ಪೂರ್ತಿ ಹೋಯಿತು.

ನಿಮ್ಮ ದಾರಿಯ ಬಗ್ಗೆ: ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚು ಸುಮಾರು 7,000 ಅಡಿ ಎತ್ತರದಲ್ಲಿದೆ. 5,500 ಅಡಿ ದಾಟಿದರೆ ಗ್ಯಾಸ್ ಉರಿ ಬಡವಾಗಬಹುದು, ಆರಲೂಬಹುದು ಎಂದು ನೋರ್‌ಕೋಲ್ಡ್ ಫ್ರಿಜ್‌ಗಳ ಕೈಪಿಡಿಗಳೇ ಹೇಳುತ್ತವೆ. ಅಲ್ಲಿ ಕರೆಂಟಿರುವ ಜಾಗ ಹಿಡಿಯಿರಿ.

ಪ್ರಶ್ನೆ: ಹಿಂಬದಿಯ ಕೊಳವೆಯ ಮೇಲೆ ಹಳದಿ ಪುಡಿ, ಮೂಗಿಗೆ ಹೊಡೆಯುವ ವಾಸನೆ. ತಲೆಕೆಳಗು ಮಾಡಿಟ್ಟರೆ ಸರಿಹೋಗುತ್ತದೆ ಅನ್ನುತ್ತಾರೆ.
— ಓದುಗರು, ಆಕ್ಲೆಂಡ್

ಉತ್ತರ: ಈಗಲೇ ಆರಿಸಿ, ಕಿಟಕಿ ತೆಗೆಯಿರಿ, ಸಿಲಿಂಡರ್ ಮುಚ್ಚಿ. ವಾಸನೆ ಅಮೋನಿಯಾದ್ದು, ಹಳದಿ ಪುಡಿ ಕೊಳವೆ ತುಕ್ಕು ಹಿಡಿಯದಿರಲೆಂದು ಒಳಗೆ ಹಾಕಿದ್ದ ಸೋಡಿಯಂ ಕ್ರೋಮೇಟ್. ಅದು ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಕೊಳವೆ ತೂತಾಗಿದೆ ಎಂದರೆ ಉರಿಯುವ ಹೈಡ್ರೋಜನ್ ಸಹ ಹೊರಬಂದಿದೆ. ಓರೆ ನಿಲ್ಲಿಸಿ ದ್ರವ ಕಟ್ಟಿಕೊಂಡ ಹಳೆಯ ಫ್ರಿಜ್‌ಗಳಲ್ಲಿ ತಲೆಕೆಳಗಿನ ಉಪಾಯ ಕೆಲವೊಮ್ಮೆ ನಡೆದದ್ದುಂಟು, ಸೋರುವುದಕ್ಕೆ ಅದು ಮದ್ದಲ್ಲ. ಕೂಲಿಂಗ್ ಯೂನಿಟ್ ಬದಲಿಸಬೇಕು. ಪೆಟ್ಟಿಗೆ, ಬಾಗಿಲು ಚೆನ್ನಾಗಿದ್ದರೆ ಅದೊಂದನ್ನೇ ಬದಲಿಸಬಹುದು.

ಪ್ರಶ್ನೆ: ನಮ್ಮದು ಗ್ಯಾಸ್, ಕರೆಂಟು, 12 ವೋಲ್ಟ್ ಬ್ಯಾಟರಿ ಹೀಗೆ ಮೂರು ಬಗೆಯಲ್ಲಿ ನಡೆಯುವ ಫ್ರಿಜ್. ರಾತ್ರಿಯೆಲ್ಲ 12 ವೋಲ್ಟಿನಲ್ಲಿ ಬಿಡಬಹುದೇ?
— ಓದುಗರು, ಮೆಲ್ಬರ್ನ್

ಉತ್ತರ: ಬೇಡ. ಎಲಿಮೆಂಟ್ 120ರಿಂದ 175 ವ್ಯಾಟ್, ಎಂದರೆ 10ರಿಂದ 15 ಆಂಪಿಯರ್. 100 ಆಂಪಿಯರ್-ಅವರ್ ಲೆಡ್ ಬ್ಯಾಟರಿಯಲ್ಲಿ ಧೈರ್ಯವಾಗಿ ಬಳಸಬಹುದಾದ್ದು ಅರ್ಧ. ಬೆಳಗಾಗುವ ಮೊದಲೇ ಮುಗಿಯುತ್ತದೆ. ಎಂಜಿನ್ ಓಡುವಾಗ 12 ವೋಲ್ಟ್, ನಿಂತಾಗ ಗ್ಯಾಸ್ ಎಂದಿರಲಿ. ಪೆಟ್ರೋಲ್ ಬಂಕಿಗೆ ತಿರುಗುವ ಮೊದಲು ಜ್ವಾಲೆ ಆರಿರಬೇಕು. ಓಡುವಾಗಲೂ ತಂಪು ಸಾಲದಿದ್ದರೆ ಎಲಿಮೆಂಟಿನ ತುದಿಯಲ್ಲಿ ವೋಲ್ಟ್ ಅಳೆಯಿರಿ. ತಂತಿ ಸಣ್ಣದಾಗಿ 11 ವೋಲ್ಟಿಗೆ ಇಳಿದಿದ್ದರೆ 12 ವೋಲ್ಟಿನ ಕಾವಿನಲ್ಲಿ ಆರನೆಯ ಒಂದು ಭಾಗ ಹೋಗಿರುತ್ತದೆ. ದಪ್ಪ ತಂತಿ ಎಳೆಸಿ.

ಪ್ರಶ್ನೆ: ಟೆಂಪೋ ಟ್ರಾವೆಲರ್ ಅನ್ನು ಕ್ಯಾರವಾನ್ ಮಾಡಿಸುತ್ತಿದ್ದೇನೆ. ಗ್ಯಾಸ್ ಫ್ರಿಜ್ ತರಿಸಲೇ?
— ಓದುಗರು, ಬೆಂಗಳೂರು

ಉತ್ತರ: ತರಿಸಬೇಡಿ. ಬಿಡಿಭಾಗ, ರಿಪೇರಿ ಎರಡಕ್ಕೂ ಪರದಾಡುತ್ತೀರಿ, ಕಲಬುರಗಿಯ ಬೇಸಿಗೆಗೆ ಅದರ ತಂಪೂ ಸಾಲದು. ಮನೆಯ 14.2 ಕೆಜಿ ಸಿಲಿಂಡರನ್ನು ಓಡುವ ವಾಹನದಲ್ಲಿ ಫ್ರಿಜ್‌ಗೆ ಜೋಡಿಸುವ ಯೋಚನೆಯಂತೂ ಬೇಡವೇ ಬೇಡ. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಕೊಳ್ಳಿ. ಕಂಪ್ರೆಸರ್ ಓಡುವಾಗ ಸುಮಾರು 45-60 ವ್ಯಾಟ್ ಎಳೆದು, ತಂಪಾದ ಮೇಲೆ ತಾನೇ ನಿಂತುಬಿಡುತ್ತದೆ. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಚಾವಣಿಗೆ 200 ವ್ಯಾಟಿನ ಸೋಲಾರ್ ಹಾಕಿಸಿದರೆ ಬಿಸಿಲಿರುವ ದಿನಗಳಿಗೆ ಸಾಕು. ಮಲೆನಾಡಿನ ಮಳೆಗಾಲಕ್ಕೆ ಎಂಜಿನ್ನಿನಿಂದ ಚಾರ್ಜ್ ಆಗುವ ಚಾರ್ಜರನ್ನೂ ಈಗಲೇ ಕೂರಿಸಿಕೊಳ್ಳಿ.