ದೇವಯ್ಯನವರಿಗೆ ಮಹಾವೀರ ಚಕ್ರ 23 ವರ್ಷ ತಡವಾಗಿ ಬಂದಿದ್ದು ಯಾಕೆ?

ಮೈಸೂರಿನಿಂದ ಬಸ್ ಹತ್ತಿ ಮಡಿಕೇರಿಗೆ ಹೋದಾಗ ಅಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ವೃತ್ತ ನೋಡಿರುತ್ತೀರಿ. ನಮ್ಮ ಮನೆಯ ಹುಡುಗನೂ ಅಲ್ಲೇ ನಿಂತು ಇದೇ ಪ್ರಶ್ನೆ ಕೇಳಿದ್ದ.

ಉತ್ತರ ಸರಳ. ಅವರು ಏನು ಮಾಡಿದರು ಅಂತ ನಮ್ಮವರಿಗೆ ಗೊತ್ತೇ ಇರಲಿಲ್ಲ.

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವತ್ತು ಸ್ಟ್ಯಾಂಡ್‌ಬೈ ಪೈಲಟ್ ಅಷ್ಟೇ. ಕೊನೇ ಗಳಿಗೆಯಲ್ಲಿ ಹೊರಟರು. ವಾಪಸ್ ಬರುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಯುದ್ಧವಿಮಾನ ಬೆನ್ನು ಹತ್ತಿತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ, ಇವರದು ಹಳೇ ಮಿಸ್ಟೇರ್. ಸ್ಕೂಟರ್ ಹಿಂದೆ ರೇಸ್ ಕಾರು ಬಿದ್ದ ಹಾಗೆ! ಏಟು ತಿಂದ ವಿಮಾನದಲ್ಲೇ ತಿರುಗಿ ಗುಂಡು ಹಾರಿಸಿ ಅದನ್ನು ಕೆಡವಿದರು. ಆ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಬರಲಿಲ್ಲ, ಜೊತೆಗಾರರು ಯಾರೂ ಈ ಕಾದಾಟ ನೋಡಿರಲಿಲ್ಲ.

ವರ್ಷಗಳ ನಂತರ ಆ ಕಡೆಯವರ ಮಾತಿನಿಂದಲೇ ವಿಷಯ ಹೊರಬಿತ್ತು. 1988ರಲ್ಲಿ ಮರಣೋತ್ತರವಾಗಿ ಪದಕ ಬಂತು. ಎದುರಾಳಿಯ ಬಾಯಿಂದ ಬಂದ ಸಾಕ್ಷಿ ಅಂದರೆ ಅದರ ತೂಕ ಜಾಸ್ತಿ, ಅಲ್ವಾ?

ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರ ಬಿಟ್ಟರೆ ಮಹಾವೀರ ಚಕ್ರವೇ ದೊಡ್ಡದು. ದುಂಡನೆಯ ಬೆಳ್ಳಿ ಪದಕ, ಮೇಲೆ ಐದು ಮೂಲೆಯ ನಕ್ಷತ್ರ. ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ.