ಸೈಕಲ್ ಏರಿ ಕೆರೆ ಏರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾನು ಲಗ್ಗೆರೆಯಲ್ಲಿರೋದು, ಗಾರ್ಮೆಂಟ್ಸ್ ಕೆಲಸ, ರಜೆ ಅಂತ ಸಿಗೋದು ಭಾನುವಾರ ಒಂದೇ. ಚಿಕ್ಕವನಿದ್ದಾಗ ಊರ ಕೆರೇಲಿ ಗಾಳ ಹಾಕ್ತಿದ್ದೆ, ಈಗ ಮತ್ತೆ ಶುರು ಮಾಡ್ಬೇಕು ಅನ್ಸ್ತಿದೆ. ಬೈಕ್ ಇಲ್ಲ, ಗೇರ್ ಇಲ್ದಿರೋ ಹಳೇ ಸೈಕಲ್ ಇದೆ. ಅದ್ರಲ್ಲೇ ಎಷ್ಟು ದೂರ ಹೋಗ್ಬಹುದು, ಗಾಳದ ಕಡ್ಡಿ ಹೆಂಗೆ ಕಟ್ಕೊಂಡು ಹೋಗೋದು? – ಓದುಗರು, ಲಗ್ಗೆರೆ

ಉತ್ತರ: ಆ ಸೈಕಲ್ಲೇ ಸಾಕು, ಹೊಸದು ತಗೊಳ್ಳೋಕೆ ಹೋಗ್ಬೇಡಿ. ನಾನೂ ಗೇರ್ ಇಲ್ಲದ ಸೈಕಲ್‌ನಲ್ಲೇ ತುಂಬಾ ವರ್ಷ ಓಡಾಡಿದೀನಿ. ಆದ್ರೆ ದೂರದ ಲೆಕ್ಕ ಹಾಕುವಾಗ ಹೋಗೋ ದಾರಿ ನೋಡ್ಬೇಡಿ, ವಾಪಸ್ ಬರೋ ದಾರಿ ನೋಡಿ. ನಮ್ಮ ಬೆಂಗಳೂರು ಕೂತಿರೋದು ದಿಣ್ಣೆ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರ, ಪಡುವಣ ಕಡೆ ಬಿದ್ದ ನೀರು ವೃಷಭಾವತಿ, ಅರ್ಕಾವತಿ ಹಿಡ್ಕೊಂಡು ಕಾವೇರಿಗೆ ಹೋಗುತ್ತೆ, ಮೂಡಣದ್ದು ದಕ್ಷಿಣ ಪಿನಾಕಿನಿಗೆ. ಕೆರೆ ಅಂದ್ಮೇಲೆ ಅದು ತಗ್ಗಲ್ಲೇ ಇರೋದು, ಹಂಗಾಗಿ ಬೆಳಗಿನ ಜಾವ ತಣ್ಣಗೆ ಗಾಳಿಗೆ ಮುಖ ಕೊಟ್ಕೊಂಡು ಜಾರ್ಕೊಂಡು ಹೋದ ದಾರೀನೇ ಹತ್ತು ಗಂಟೆ ಬಿಸಿಲಲ್ಲಿ ಏರು ಆಗಿ ಎದುರಿಗೆ ನಿಂತಿರುತ್ತೆ. ಶುರುವಲ್ಲಿ 15 ಕಿ.ಮೀ. ಒಳಗೇ ಇರಿ. ಗಂಟೆಗೆ 15 ಕಿ.ಮೀ. ಅಂತ ಹಿಡಿದ್ರೆ 5ಕ್ಕೆ ಹೊರಟವರು 6ಕ್ಕೆ ನೀರಿನ ಹತ್ರ ಇರ್ತೀರಿ, ಬರೋವಾಗ ಒಂದೂವರೆ ಗಂಟೆ ಇಟ್ಕೊಳ್ಳಿ, ಮೀನು ಕಚ್ಚುತ್ತಾ ಇದ್ರೂ ಒಂಬತ್ತಕ್ಕೆ ಗಾಳ ಸುತ್ತಿಬಿಡಿ.

ಮೊದಲನೇ ಭಾನುವಾರ ಗಾಳ ತಗೊಂಡೇ ಹೋಗ್ಬೇಡಿ. ಸುಮ್ನೆ ಹೋಗಿ, ಏರಿ ಮೇಲೆ ಸೈಕಲ್ ನಿಲ್ಲಿಸಿ, ಅಲ್ಲಿ ಎಮ್ಮೆ ತೊಳೀತಿರೋರನ್ನೋ ಟೀ ಅಂಗಡಿಯವರನ್ನೋ ಮಾತಾಡಿಸಿ. ನಮ್ ಕಡೆ ಕೆರೆಗಳಲ್ಲಿ ಮೀನು ಹಿಡಿಯೋ ಹಕ್ಕನ್ನ ಗುತ್ತಿಗೆ ಕೊಟ್ಟಿರ್ತಾರೆ, ಕೆಲವು ಮೀನುಗಾರಿಕೆ ಇಲಾಖೆ ಕಡೆಯಿಂದ, ಕೆಲವು ಪಂಚಾಯಿತಿ ಕಡೆಯಿಂದ. ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಗೆಂಡೆ ಮರಿ ದುಡ್ಡು ಕೊಟ್ಟು ತಂದು ಬಿಟ್ಟು ವರ್ಷವಿಡೀ ಕಾದಿರ್ತಾರೆ, ನಾವು ಹೇಳದೆ ಕೇಳದೆ ಗಾಳ ಹಾಕೋದು ಒಬ್ಬರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕಿತ್ತಂಗೆ. ಕೇಳಿದ್ರೆ ಎಷ್ಟೋ ಜನ "ಜಿಲೇಬಿ ಹಿಡ್ಕೊ ಹೋಗು, ಗೆಂಡೆ ಬಿದ್ರೆ ಬಿಟ್ಬಿಡು" ಅಂತಾರೆ (ಜಿಲೇಬಿ ಅಂದ್ರೆ ತಿಲಾಪಿಯಾ ಮೀನು), ಕೆಲವರು ಒಂದಿಷ್ಟು ದುಡ್ಡು ಕೇಳ್ತಾರೆ, ಕೆಲವರು ಬೇಡ ಅಂತಾರೆ. ಬೇಡ ಅಂದ್ರೆ ಬೇಡ, ಮುಂದಿನ ಕೆರೆಗೆ ಪೆಡಲ್ ತುಳೀರಿ. ಸಿಟಿ ಒಳಗೆ ಬೇಲಿ ಹಾಕಿ ವಾಕಿಂಗ್ ದಾರಿ ಮಾಡಿರೋ ಕೆರೆಗಳನ್ನ ಬಿಟ್ಟೇಬಿಡಿ, ಬಹಳ ಕಡೆ ಸೈಕಲ್ಲನ್ನೂ ಒಳಗೆ ಬಿಡಲ್ಲ. ನಿಮಗೆ ಹತ್ರ ಅಂತ ಹೆಸರಘಟ್ಟ ನೆನಪಾಗಬಹುದು, ಅದು 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿ ಊರಿಗೆ ಕುಡಿಯೋ ನೀರು ತಂದ ಕೆರೆ, ಆ ರಸ್ತೆ ಸೈಕಲ್‌ಗೆ ಬಹಳ ಚೆನ್ನ, ಆದ್ರೆ ಅಲ್ಲಿಗೆ ಹಕ್ಕಿ ನೋಡೋಕೆ ಹೋಗಿ, ಗಾಳಕ್ಕೆ ದಾರೀಲಿ ಸಿಗೋ ಹಳ್ಳಿ ಕೆರೆಗಳಲ್ಲಿ ವಿಚಾರಿಸಿ.

ಇನ್ನು ಕಡ್ಡಿ. ಹ್ಯಾಂಡಲ್‌ಗೆ ಅಡ್ಡ ಕಟ್ಬೇಡಿ, ಕ್ಯಾರಿಯರ್‌ಗೆ ಅಡ್ಡ ಅಂತೂ ಬೇಡವೇ ಬೇಡ. ನಾನು ಒಂದ್ಸಲ ಹಂಗೇ ಕಟ್ಟಿ, ತುದಿ ಪಕ್ಕದಲ್ಲಿ ಹೋಗ್ತಿದ್ದ ಆಟೋಗೆ ಸಿಕ್ಕಿ ಸೈಕಲ್ ಸಮೇತ ಬಿದ್ದಿದೀನಿ, ಮಂಡಿ ಕಲೆ ಇನ್ನೂ ಇದೆ. ಮಡಚೋ ಟೆಲಿಸ್ಕೋಪಿಕ್ ಕಡ್ಡಿ ತಗೊಳ್ಳಿ, ಏಳಡಿ ಕಡ್ಡಿ ಮಡಚಿದ್ರೆ ಎರಡು ಎರಡೂವರೆ ಅಡಿಗೆ ಬರುತ್ತೆ. ಪ್ಲಂಬಿಂಗ್ ಅಂಗಡೀಲಿ ಎರಡಿಂಚಿನ ಪಿವಿಸಿ ಪೈಪ್ ಮೂರಡಿ ಕತ್ತರಿಸಿಕೊಂಡು, ಒಂದ್ ಕಡೆ ಮುಚ್ಚಳ ಅಂಟಿಸಿ, ಸೈಕಲ್ ಬಾರ್ ಉದ್ದಕ್ಕೂ ಹಳೇ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ ಕಟ್ಟಿ. ಹಗ್ಗ ಗುಂಡಿಗೆ ಕುಣಿದು ಕುಣಿದು ಸಡಿಲ ಆಗುತ್ತೆ, ರಬ್ಬರ್ ಆಗಲ್ಲ. ತುಳಿಯೋವಾಗ ಮಂಡಿಗೆ ತಾಗುತ್ತಾ ಅಂತ ಮನೆ ಮುಂದೆ ಒಂದು ಸುತ್ತು ಹೊಡೆದು ನೋಡಿ. ರೀಲ್ ಬಿಚ್ಚಿ ಬಟ್ಟೇಲಿ ಸುತ್ತಿ ಚೀಲಕ್ಕೆ, ಗಾಳಗಳನ್ನ ಥರ್ಮೋಕೋಲ್ ತುಂಡಿಗೆ ಚುಚ್ಚಿ ಡಬ್ಬಿಗೆ, ಜೇಬಲ್ಲಿ ಯಾವತ್ತೂ ಇಟ್ಕೊಬೇಡಿ. ಬೆಂಡು, ಸೀಸ, ಒಂದು ಕತ್ತರಿ, ರಾಗಿ ಹಿಟ್ಟಿನ ಉಂಡೆ, ಅಷ್ಟೇ ಸಾಕು, ಎರೆಹುಳ ಅಲ್ಲೇ ಕೆರೆ ಪಕ್ಕ ಒದ್ದೆ ಮಣ್ಣು ಕೆದಕಿದ್ರೆ ಸಿಗುತ್ತೆ. ಕಡ್ಡಿ ಕಾರ್ಬನ್‌ದಾದ್ರೆ ಒಂದು ಮಾತು ನೆನಪಿಡಿ: ಅದರಲ್ಲಿ ಕರೆಂಟ್ ಹರಿಯುತ್ತೆ. ಮೇಲೆ ವೈರ್ ಹೋಗಿರೋ ಕಡೆ ಬೀಸಬಾರದು, ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಕೇಳಿಸಿದ ತಕ್ಷಣ ಕಡ್ಡಿ ಕೆಳಗಿಟ್ಟು ಏರಿ ಇಳಿದುಬಿಡ್ಬೇಕು.

ಪಂಕ್ಚರ್ ಆಗೇ ಆಗುತ್ತೆ, ಯಾಕಂದ್ರೆ ಕೆರೆ ಅಂಗಳ ಅಂದ್ರೆ ಬಳ್ಳಾರಿ ಜಾಲಿ. ಒಂದು ಟ್ಯೂಬ್, ಚಿಕ್ಕ ಪಂಪ್ ಇಟ್ಕೊಳ್ಳಿ. ಹೊಸ ಟ್ಯೂಬ್ ಹಾಕೋ ಮುಂಚೆ ಟೈರ್ ಒಳಗೆ ಬಟ್ಟೆ ಸವರಿ ನೋಡಿ, ಮುಳ್ಳಿನ ಮೊನೆ ಮುರಿದು ಅಲ್ಲೇ ಕೂತಿದ್ರೆ ಎರಡನೇ ಟ್ಯೂಬೂ ಹೋಗುತ್ತೆ. ಏರಿಯಿಂದ ಕೆಳಗಡೆ ಸೈಕಲ್ ಇಳಿಸೋದೇ ಬೇಡ, ಮೇಲೇ ಮರಕ್ಕೆ ಬೀಗ ಹಾಕಿ ನಡ್ಕೊಂಡು ಇಳೀರಿ.

ಪ್ರಶ್ನೆ: ಹಿಡಿದ ಮೀನು ಮನೆ ಮುಟ್ಟೋ ಅಷ್ಟರಲ್ಲಿ ವಾಸನೆ ಬರುತ್ತೆ. ಐಸ್ ಬಾಕ್ಸ್ ಭಾರ. ಅಲ್ಲದೆ ಬೆಂಗಳೂರಿನ ಕೆರೆ ಮೀನು ತಿನ್ನಬಹುದಾ? – ಓದುಗರು, ಕೆ.ಆರ್. ಪುರ

ಉತ್ತರ: ಎರಡನೇದು ಮೊದಲು ಹೇಳ್ತೀನಿ. ಚರಂಡಿ ನೀರು ಸೇರೋ ಕೆರೆ ಮೀನು ತಿನ್ಬೇಡಿ, ಎಷ್ಟೇ ದಪ್ಪ ಇರ್ಲಿ. ಬೆಳ್ಳಂದೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದಿದ್ದು, ಬೆಂಕಿ ಹತ್ತಿದ್ದು ನೀವೂ ನೋಡಿದೀರಿ, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೇಲಿ ಮೀನು ರಾಶಿ ರಾಶಿ ಸತ್ತು ತೇಲಿದ್ವು. ಕಾರ್ಖಾನೆ ನೀರಿನ ಸೀಸ, ಕ್ಯಾಡ್ಮಿಯಂ ಥರದ್ದು ಮೀನಿನ ಮೈ ಸೇರಿದ್ರೆ ಎಷ್ಟು ಬೇಯಿಸಿದ್ರೂ ಹೋಗಲ್ಲ. ಬೆಳಗ್ಗೆ ಹೋದಾಗ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ರೆ ಖುಷಿ ಪಡ್ಬೇಡಿ, ನೀರಲ್ಲಿ ಆಮ್ಲಜನಕ ತೀರಿರೋದಕ್ಕೆ ಅದು, ರಾತ್ರಿಯೆಲ್ಲ ಪಾಚಿನೂ ಉಸಿರಾಡಿ ಬೆಳಗಿನ ಜಾವಕ್ಕೆ ತೀರಾ ಕಮ್ಮಿ ಆಗಿರುತ್ತೆ. ಆ ಕೆರೇಲಿ ಅವತ್ತು ಗಾಳ ಹಾಕ್ಬೇಡಿ.

ಒಳ್ಳೆ ನೀರಿನ ಮೀನಾದ್ರೆ ಹಿಡಿದ ಕೂಡ್ಲೆ ಹೊಟ್ಟೆ ಸೀಳಿ ಕರುಳು, ಕಿವಿರು ತೆಗೆದುಬಿಡಿ, ಮೊದಲು ಕೆಡೋದೇ ಅವು. ಹಿಂದಿನ ರಾತ್ರಿ ಎರಡು ಬಾಟಲಿ ನೀರು ಫ್ರೀಜರ್‌ಗೆ ಇಡಿ, ಅವನ್ನ ಮೀನಿನ ಕವರ್ ಜೊತೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಕ್ಯಾರಿಯರ್‌ಗೆ ಕಟ್ಟಿ. ಸೈಕಲ್ ಹೋಗ್ತಾ ಗಾಳಿಗೆ ಗೋಣಿ ಆರ್ತಾ ತಂಪಾಗುತ್ತೆ, ನಡುವೆ ಒಂದ್ಸಲ ನೀರು ಚಿಮುಕಿಸಿ. ಕರಗಿದ ನೀರು ಏರಲ್ಲಿ ನಿಮಗೇ ಕುಡಿಯೋಕಾಯ್ತು.

ಪ್ರಶ್ನೆ: ಸಂಗಮದ ತನಕ ಸೈಕಲ್‌ನಲ್ಲಿ ಹೋಗಿ ಬಿಳಿಮೀನು ಹಿಡೀಬೇಕು ಅಂತ ನಮ್ ಹುಡುಗರ ಆಸೆ. – ಓದುಗರು, ಬನಶಂಕರಿ

ಉತ್ತರ: ಸೈಕಲ್ ಹೋಗ್ಲಿ, ಗಾಳ ಮನೇಲಿರ್ಲಿ. ಅರ್ಕಾವತಿ ಕಾವೇರಿಗೆ ಸೇರೋ ಆ ಸಂಗಮ ಕಾವೇರಿ ವನ್ಯಧಾಮದ ಜಾಗ, 1987ರಿಂದ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗಿದ ಬಿಳಿಮೀನು ಗಾಳಕ್ಕೆ ಬಿದ್ದಿತ್ತು, ಅದೇ ಬಿಳಿಮೀನು, ಅಂದ್ರೆ ಕಾವೇರಿಯ ಗೂನುಬೆನ್ನಿನ ಮಶೀರ್, ಈಗ ಅಳಿವಿನ ಅಂಚಲ್ಲಿದೆ ಅಂತ 2018ರಲ್ಲಿ ಪ್ರಕೃತಿ ಉಳಿಸೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ತನ್ನ ಪಟ್ಟಿಗೆ ಸೇರಿಸಿದೆ. ಜಗತ್ತಲ್ಲಿ ಕಾವೇರಿ ಮತ್ತು ಅದರ ಉಪನದಿ ಬಿಟ್ರೆ ಇನ್ನೆಲ್ಲೂ ಇಲ್ಲದ ಮೀನು ಅದು, ಹಿಡಿದು ಬಿಡ್ತೀವಿ ಅಂದ್ರೂ ಬೇಡ.

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಫ್ರೆಂಡ್ಸ್ ಜೊತೆ ಸೈಕಲ್‌ನಲ್ಲಿ ಕೆರೆಗೆ ಮೀನು ಹಿಡಿಯೋಕೆ ಹೋಗ್ತೀನಿ ಅಂತಾನೆ. ಕಳಿಸ್ಲಾ? – ಓದುಗರು, ಕೆಂಗೇರಿ

ಉತ್ತರ: ಒಬ್ಬನೇ ಆಗ್ಲಿ, ಬರೀ ಹುಡುಗರ ಜೊತೆ ಆಗ್ಲಿ ಕಳಿಸ್ಬೇಡಿ ಅಮ್ಮ. ರಸ್ತೆಗಿಂತ ನನಗೆ ಭಯ ಕೆರೆ ಅಂಗಳದ್ದು. ಹೂಳು, ಮಣ್ಣು ತೆಗೆದ ಕಡೆ ಆಳದ ಗುಂಡಿ ಬಿದ್ದಿರುತ್ತೆ, ಮಳೆ ಬಂದ್ಮೇಲೆ ನೀರು ಸಮ ನಿಂತು ಮೊಣಕಾಲುದ್ದ ಇದ್ದಂಗೇ ಕಾಣುತ್ತೆ, ಒಂದು ಹೆಜ್ಜೆ ಮುಂದೆ ಇಟ್ರೆ ತಲೆ ಮುಳುಗುತ್ತೆ. ಮಕ್ಕಳು ಸಿಕ್ಕಾಕಿಕೊಂಡ ಗಾಳ ಬಿಡಿಸೋಕೆ ಅಂತಾನೇ ನೀರಿಗಿಳಿಯೋದು. ನಿಮ್ಮ ಕಡೆಯಿಂದ ಮಂಚನಬೆಲೆ ಡ್ಯಾಂ ಹತ್ರ ಅಂತ ಹುಡುಗರು ಹೊರಡ್ತಾರೆ, ಅಲ್ಲಿ ನೀರಿಗಿಳಿದು ಪ್ರಾಣ ಕಳ್ಕೊಂಡವರು ತುಂಬಾ ಜನ, ಅದಂತೂ ಬೇಡವೇ ಬೇಡ. ಮಾವನೋ ಚಿಕ್ಕಪ್ಪನೋ ಈಜು ಬರೋರು ಜೊತೆಗೆ ಸೈಕಲ್ ತಗೊಂಡು ಹೊರಟ್ರೆ ಖಂಡಿತ ಕಳಿಸಿ, ಗಾಳ ಸಿಕ್ಕಿದ್ರೆ ದಡದಲ್ಲೇ ನಿಂತು ಎಳಿ, ಬರ್ಲಿಲ್ಲ ಅಂದ್ರೆ ದಾರ ಕತ್ತರಿಸು ಅಂತ ಹೊರಡೋ ಮುಂಚೆನೇ ಅವನ ಕೈಗೆ ಕತ್ತರಿ ಕೊಟ್ಟು ಹೇಳಿ, ಕೈಗೆ ಬಂದ ತುಂಡು ದಾರ ಅಲ್ಲೇ ಬಿಸಾಕದೆ ಸುತ್ತಿ ಮನೆಗೆ ತರೋಕೂ ಹೇಳಿ, ಅದು ನೀರುಕೋಳಿ ಕಾಲಿಗೆ ಸುತ್ಕೊಳ್ಳುತ್ತೆ.