ಊರಲ್ಲಿ ಕೆಲಸ ಹೆಚ್ಚಾದರೆ ಕಡಿಮೆ ಬಾಡಿಗೆಯ ಮನೆ ಯಾಕೆ ಸಿಗುವುದಿಲ್ಲ?

ಕೆಲಸ ಬೇಗ ಬರುತ್ತದೆ, ಮನೆ ನಿಧಾನ. ಕಂಪನಿಯೊಂದು ಕೆಲವೇ ತಿಂಗಳಲ್ಲಿ ನೂರಾರು ಜನರನ್ನು ಸೇರಿಸಿಕೊಳ್ಳಬಹುದು. ಅವರಿಗೆ ಮನೆ ಕಟ್ಟಲು ಜಾಗ, ಪ್ಲಾನ್ ಮಂಜೂರಾತಿ, ನೀರು ಅಂತ ವರ್ಷಗಳೇ ಬೇಕು. ಅಲ್ಲಿಯವರೆಗೆ ಇರುವ ಮನೆಗಳಿಗೇ ಪೈಪೋಟಿ.

ಬೆಂಗಳೂರನ್ನೇ ನೋಡಿ. 2020ರಲ್ಲಿ ಐಟಿಯವರು ಊರಿಗೆ ಹೋದಾಗ ವೈಟ್‌ಫೀಲ್ಡ್, ಮಾರತ್ತಹಳ್ಳಿಯ ಗೇಟುಗಳಲ್ಲಿ ಟು-ಲೆಟ್ ಬೋರ್ಡುಗಳು ತೂಗಾಡುತ್ತಿದ್ದವು. 2022ರಿಂದ ಆಫೀಸಿಗೆ ಕರೆದರು, ಬಾಡಿಗೆ ದಿಢೀರ್ ಏರಿತು. ಮನೆಗಳು ಹೆಚ್ಚುಕಮ್ಮಿ ಅಷ್ಟೇ ಇದ್ದವು ಅಲ್ವಾ?

ಪೆಟ್ಟು ಜಾಸ್ತಿ ಬೀಳುವುದು ಕಡಿಮೆ ಸಂಬಳದವರಿಗೆ. ಶೀಟಿನ ಮನೆಗಳ ವಠಾರ ಕೆಡವಿ ಮಾಲೀಕರು ನಾಲ್ಕಂತಸ್ತಿನ ಪಿಜಿ ಕಟ್ಟಿಸುತ್ತಾರೆ. ಒಂದೇ ರೂಮಿನಲ್ಲಿ ಮೂರು ಮಂಚ, ಮೂರು ಬಾಡಿಗೆ! ಅಲ್ಲಿದ್ದ ಅಡುಗೆಯವರು, ಸೆಕ್ಯುರಿಟಿಯವರು ಹೊಸಕೋಟೆ ಕಡೆ ಮನೆ ಹುಡುಕಬೇಕು. ವಿಚಿತ್ರ ಅಂದರೆ, ಐಟಿ ಕೆಲಸ ಹೆಚ್ಚಿದಷ್ಟೂ ಇವರೂ ಜಾಸ್ತಿ ಬೇಕು. ದೂರ ಹೋಗಿ ಉಳಿಸಿದ ಬಾಡಿಗೆ ಬಸ್ಸಿಗೆ, ಆಟೋಗೆ ಖರ್ಚಾಗುತ್ತದೆ. ಮೇಲೆ ಅಡ್ವಾನ್ಸ್ ಬೇರೆ. ಹತ್ತು ತಿಂಗಳದ್ದು ಕೇಳುವ ರೂಢಿ ಇರುವ ಕಡೆ, ಬಾಡಿಗೆ 1,000 ಏರಿದರೆ ಕೈಯಿಂದ ಒಮ್ಮೆಗೇ 10,000 ಹೆಚ್ಚು ಹೋಗುತ್ತದೆ.

ಹಾಗಂತ ಕೆಲಸ ಬೇಡ ಅನ್ನೋಕಾಗಲ್ಲ. ನನ್ನ ಪ್ರಕಾರ, ಟೆಕ್ ಪಾರ್ಕಿಗೆ ಜಾಗ ಕೊಡುವಾಗಲೇ ಸಣ್ಣ ಬಾಡಿಗೆ ಮನೆಗಳಿಗೂ ಹತ್ತಿರದಲ್ಲೇ ಜಾಗ ಇಡಬೇಕು. ಮೆಟ್ರೊ ಒಂದನ್ನೇ ನಂಬಿದರೆ ಸಾಲದು, ನಿಲ್ದಾಣದ ಪಕ್ಕದ ಬಾಡಿಗೆಯೂ ಏರುತ್ತದೆ.